ಇಂಪೌಂಡ್
ದಸ್ತಾವೇಜನ್ನು ಕಾನೂನಿನ ವಶದಲ್ಲಿ ಇರಿಸಿಕೊಳ್ಳು ಎಂಬರ್ಥದ ಇಂಗ್ಲಿಷ್ ಕ್ರಿಯಾಪದ. ಹಳೆಯ ಅರ್ಥ, ಪೈರು ಮೇಯ್ದ ದನವನ್ನು ದೊಡ್ಡಿಗೆ ಕೂಡು. ಕರ್ನಾಟಕ ಸ್ಟಾಂಪ್ ಅಧಿನಿಯಮ, 1957ರ 33ನೇ ಸೆಕ್ಷನ್ ಪ್ರಕಾರ, ಮುದ್ರಾಂಕ ಶುಲ್ಕ ಕಡಿಮೆಯಿರುವ ಪತ್ರ ತಮ್ಮ ಮುಂದೆ ಬಂದರೆ ನ್ಯಾಯಾಲಯ, ಸರ್ಕಾರಿ ಕಚೇರಿಗಳು ಇಂಪೌಂಡ್ ಮಾಡಲೇಬೇಕು; ಪೊಲೀಸರಿಗೆ ಈ ಅಧಿಕಾರವಿಲ್ಲ. ಉದಾಹರಣೆಗೆ, ಗುಬ್ಬಿ ಅಥವಾ ಕುಣಿಗಲ್ ಸೀಮೆಯ ತೆಂಗಿನ ತೋಟದ ಸ್ವಾಧೀನ ಬಿಟ್ಟುಕೊಟ್ಟು 100 ರೂಪಾಯಿ ಛಾಪಾ ಕಾಗದದಲ್ಲಿ ಬರೆದ ಕ್ರಯದ ಕರಾರಿಗೆ ಕ್ರಯಪತ್ರದಷ್ಟೇ ಶುಲ್ಕ ಬೀಳುತ್ತದೆ. ಕೊರತೆ ಶುಲ್ಕವನ್ನೂ ಅದರ ಹತ್ತುಪಟ್ಟು ದಂಡವನ್ನೂ ಕಟ್ಟಿದರೆ 34ನೇ ಸೆಕ್ಷನ್‌ನಡಿ ಅದು ಸಾಕ್ಷ್ಯವಾಗುತ್ತದೆ. ಈ ದಂಡ ತಗ್ಗಿಸುವ ವಿವೇಚನೆ ವಿಚಾರಣಾ ನ್ಯಾಯಾಲಯಕ್ಕಿಲ್ಲ, 39ನೇ ಸೆಕ್ಷನ್‌ನಡಿ ಡೆಪ್ಯುಟಿ ಕಮಿಷನರ್‌ಗೆ ಉಂಟು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ.