ಬುಧನ್ ಥಿಯೇಟರ್

ಗುಜರಾತಿನ ಅಹಮದಾಬಾದಿಗೆ ಸೇರಿದ ಛಾರಾನಗರದಲ್ಲಿ 1998ರಲ್ಲಿ ಹುಟ್ಟಿದ ರಂಗತಂಡ. ಬ್ರಿಟಿಷ್ ಆಡಳಿತ ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ್ದ ಛಾರಾ ಸಮುದಾಯದ ಹುಡುಗ ಹುಡುಗಿಯರೇ ಇದರ ನಟರು. ಬರೆಯುವವರು, ಆಡಿಸುವವರೂ ಅವರೇ. ಲಾಕಪ್ ಸಾವು, ಒಕ್ಕಲೆಬ್ಬಿಸುವಿಕೆ, ಪೊಲೀಸರ ಕಿರುಕುಳ ಇದರ ನಾಟಕಗಳ ಮುಖ್ಯ ವಸ್ತು. ದಮನಿತರ ಬಗ್ಗೆ ನಾಟಕ ಆಡಿದ ತಂಡಗಳು ಭಾರತದಲ್ಲಿ ಬೇಕಾದಷ್ಟಿವೆ. ದಮನಿತರೇ ತಂಡ ಕಟ್ಟಿಕೊಂಡು ತಮ್ಮ ಕೇರಿಯಲ್ಲೇ ಇಷ್ಟು ವರ್ಷ ಆಡಿಕೊಂಡು ಬಂದ ಉದಾಹರಣೆಗಳು ಕಡಿಮೆ.

ಈ ಕಥೆಯ ಬೇರು 1871ರ ಕಾಯ್ದೆಯಲ್ಲಿದೆ. ಆ ವರ್ಷದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಒಬ್ಬ ವ್ಯಕ್ತಿ ಏನು ಮಾಡಿದ ಎಂಬುದನ್ನು ಕೇಳದೆ ಯಾವ ಜಾತಿಯಲ್ಲಿ ಹುಟ್ಟಿದ ಎಂಬುದನ್ನೇ ಅಪರಾಧಕ್ಕೆ ಪುರಾವೆಯಾಗಿ ತೆಗೆದುಕೊಂಡಿತು. ಹೆಸರು ದಾಖಲಿಸುವುದು, ಠಾಣೆಗೆ ಹೋಗಿ ಹಾಜರಿ ಕೊಡುವುದು, ಪರವಾನಗಿ ಇಲ್ಲದೆ ಊರು ಬಿಡದಿರುವುದು ಇವೆಲ್ಲ ಕಡ್ಡಾಯವಾದವು. ಮುಂದೆ ಮುಂಬಯಿ ಪ್ರಾಂತದಲ್ಲಿ ತಂತಿಬೇಲಿ ಹಾಕಿದ ಸೆಟ್ಲಮೆಂಟುಗಳು ಎದ್ದವು. ಛಾರಾನಗರ ಅಂಥದೊಂದು ಸೆಟ್ಲಮೆಂಟಿನ ಉಳಿಕೆ. ಕನ್ನಡಿಗರಿಗೂ ಇದು ದೂರದ ಮಾತಲ್ಲ. ಅದೇ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲೂ ಇಂಥ ಸೆಟ್ಲಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಆ ಪ್ರದೇಶವನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಪಟ್ಟಿಯಿಂದ ಬಿಡುಗಡೆಯಾದ ಸಮುದಾಯಗಳಿಗೆ ‘ವಿಮುಕ್ತ’ ಎಂಬ ಹೆಸರು ಬಂತು. ಆದರೆ ಅದರ ಹಿಂದೆಮುಂದೆಯೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ಕರ್ನಾಟಕ ಕೂಡ 1961ರಲ್ಲಿ ತನ್ನದನ್ನು ಮಾಡಿಕೊಂಡಿತು. ಹೊಸ ಕಾಯ್ದೆಗಳು ವ್ಯಕ್ತಿಯನ್ನು ನೋಡುತ್ತವೆ, ಜಾತಿಯನ್ನಲ್ಲ ಎಂಬುದು ಕಾಗದದ ಮಾತು. ಎಲ್ಲೋ ಕಳವಾದರೆ ಜೀಪು ಬಂದು ನಿಲ್ಲುತ್ತಿದ್ದುದು ಮಾತ್ರ ಅದೇ ಕೇರಿಗೆ.

ತಂಡಕ್ಕೆ ಹೆಸರು ಕೊಟ್ಟ ಬುಧನ್ ಛಾರಾನಗರದವನಲ್ಲ, ಗುಜರಾತಿನವನೂ ಅಲ್ಲ. ಬುಧನ್ ಶಬರ್ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಖೇರಿಯಾ ಶಬರ ಸಮುದಾಯದ ಬಡ ಯುವಕ. 1998ರ ಫೆಬ್ರುವರಿಯಲ್ಲಿ ಹೆಂಡತಿ ಶ್ಯಾಮಲಿಯೊಂದಿಗೆ ಹೊರಟಿದ್ದವನನ್ನು ಬಡಾಬಜಾರ್‌ನಲ್ಲಿ ಪೊಲೀಸರು ಹಿಡಿದರು. ವಾರದೊಳಗೆ ಅವನು ಬಂಧನದಲ್ಲೇ ಸತ್ತ. ನೇಣು ಹಾಕಿಕೊಂಡ ಎಂದು ಅಧಿಕಾರಿಗಳು ಹೇಳಿದರು. ಶಬರರ ನಡುವೆ ಬಹುಕಾಲದಿಂದ ಕೆಲಸ ಮಾಡುತ್ತಿದ್ದ ಲೇಖಕಿ ಮಹಾಶ್ವೇತಾ ದೇವಿ ಶಬರ ಕಲ್ಯಾಣ ಸಮಿತಿಯ ಮೂಲಕ ಕಲ್ಕತ್ತಾ ಹೈಕೋರ್ಟಿಗೆ ಹೋದರು. ಇಷ್ಟರಲ್ಲಿ ಊರವರು ಒಂದು ಜಾಣತನ ಮಾಡಿದ್ದರು. ಶವವನ್ನು ಸುಟ್ಟರೆ ಸಾಕ್ಷ್ಯವೂ ಸುಟ್ಟುಹೋಗುತ್ತದೆ ಎಂದು ಅರಿತು, ಪೊಲೀಸರ ಕಣ್ಣಿಗೆ ಬೊಂಬೆಯೊಂದನ್ನು ಸುಟ್ಟು, ನಿಜವಾದ ಶವವನ್ನು ಹೂತಿಟ್ಟಿದ್ದರು. ಅದನ್ನು ಹೊರತೆಗೆದು ಮತ್ತೆ ಮರಣೋತ್ತರ ಪರೀಕ್ಷೆ ನಡೆಸಲಾಯಿತು. ನ್ಯಾಯಮೂರ್ತಿ ರುಮಾ ಪಾಲ್ ಅದೇ ವರ್ಷದ ಜುಲೈನಲ್ಲಿ ಸಿಬಿಐ ತನಿಖೆಗೂ ಶ್ಯಾಮಲಿಗೆ ಪರಿಹಾರಕ್ಕೂ ಆದೇಶಿಸಿದರು.

ಪುರುಲಿಯಾದ ಸಾವು ಅಹಮದಾಬಾದಿನ ನಾಟಕವಾದದ್ದು ಹೋರಾಟದ ದಾರಿಯಲ್ಲಿ. 1998ರ ಮಾರ್ಚ್‌ನಲ್ಲಿ ಮಹಾಶ್ವೇತಾ ದೇವಿ, ವಡೋದರೆಯ ಭಾಷಾ ಸಂಸ್ಥೆಯ ಗಣೇಶ ದೇವಿ, ‘ಉಚಲ್ಯಾ’ದ ಲೇಖಕ ಲಕ್ಷ್ಮಣ ಗಾಯಕವಾಡ ಸೇರಿ ವಿಮುಕ್ತ ಸಮುದಾಯಗಳ ಹಕ್ಕುಗಳಿಗಾಗಿ ಒಂದು ವೇದಿಕೆ ಕಟ್ಟಿದರು. (ಗಣೇಶ ದೇವಿ ಮುಂದೆ ಧಾರವಾಡಕ್ಕೆ ಬಂದು ನೆಲೆಸಿದರು.) ವೇದಿಕೆಯ ಕೆಲಸಕ್ಕಾಗಿ ಸುತ್ತಾಡುತ್ತ ಅವರು ಛಾರಾನಗರಕ್ಕೂ ಹೋದರು. ಅಲ್ಲಿ ಒಂದು ಪುಟ್ಟ ಗ್ರಂಥಾಲಯ ಶುರುವಾಯಿತು. ಓದಲು ಬಂದ ಹುಡುಗರಿಗೆ ನಾಟಕದ ಹುಚ್ಚಿತ್ತು. ವೇದಿಕೆಯ ‘ಬುಧನ್’ ಎಂಬ ಪತ್ರಿಕೆಯಲ್ಲಿ ಹೈಕೋರ್ಟಿನ ತೀರ್ಪು ಅಚ್ಚಾಗಿತ್ತು. ದಕ್ಷಿಣ್ ಬಜರಂಗೆ ಎಂಬ ಯುವಕ ಅದನ್ನೇ ಇಟ್ಟುಕೊಂಡು ನಾಟಕ ಬರೆದ. ಕಾಯ್ದೆ ರದ್ದಾದ ದಿನವಾದ ಆಗಸ್ಟ್ 31ರಂದು, ದೇಶದ ಹಲವೆಡೆಯಿಂದ ಬಂದಿದ್ದ ವಿಮುಕ್ತರ ಮುಂದೆ, ಛಾರಾನಗರದಲ್ಲೇ ‘ಬುಧನ್’ನ ಮೊದಲ ಪ್ರದರ್ಶನ ನಡೆಯಿತು.

ತಂಡದ ಇಡೀ ಚರಿತ್ರೆಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಈ ಆಯ್ಕೆಯೇ. ತಮ್ಮ ಕೇರಿಯಲ್ಲಿ ಪೊಲೀಸ್ ಏಟು ತಿಂದವರಿಗೆ ಕೊರತೆ ಇರಲಿಲ್ಲ. ಆದರೂ ಅವರು ಎತ್ತಿಕೊಂಡದ್ದು ತಾವು ಎಂದೂ ಕಾಣದ ಒಬ್ಬ ಶಬರನ ಕಥೆಯನ್ನು. ತೀರ್ಪಿನಲ್ಲಿ ದಾಖಲಾದ ಸಂಗತಿಯಾದ್ದರಿಂದ ಅದನ್ನು ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಭಾಷೆ, ಊರು, ಕಸುಬು ಬೇರೆಯಾದರೂ ಒಂದೇ ಕಾಯ್ದೆಯ ಮಕ್ಕಳು ತಾವು ಎಂಬ ತಿಳಿವೂ ಅಲ್ಲಿಂದ ಬಂತು. ಹೊಡೆಯುವ ದೃಶ್ಯಕ್ಕೆ ಲಾಠಿ, ಖಾಕಿ ಬಿಟ್ಟರೆ ಹೆಚ್ಚಿನ ಸಾಮಾನು ಬೇಕಿರಲಿಲ್ಲ. ಠಾಣೆಯಲ್ಲಿ ಹೇಗೆ ಕೂರಿಸುತ್ತಾರೆ, ಯಾವ ಬೈಗುಳ ಬಳಸುತ್ತಾರೆ ಎಂಬುದನ್ನು ಆ ನಟರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಂತರ ಮಹಾರಾಷ್ಟ್ರದ ಪಾರ್ಧಿ ಸಮುದಾಯದವನೊಬ್ಬನ ಲಾಕಪ್ ಸಾವನ್ನು ಕುರಿತ ‘ಪಿನ್ಯಾ ಹರಿ ಕಾಳೆ ಕೀ ಮೌತ್’, ಮನೆ ಕೆಡಹುವಿಕೆಯನ್ನು ಕುರಿತ ‘ಬುಲ್ಡೋಜರ್’, ‘ಎನ್‌ಕೌಂಟರ್’ ಮೊದಲಾದ ನಾಟಕಗಳು ಬಂದವು. ಇಟಲಿಯ ದಾರಿಯೋ ಫೋನ ಪ್ರಸಿದ್ಧ ಲಾಕಪ್ ನಾಟಕವನ್ನೂ ಅವರು ಅಳವಡಿಸಿಕೊಂಡರು. ರಂಗಮಂದಿರ ಸಿಗದಿದ್ದರೆ ಬೀದಿಯಲ್ಲೇ ಆಟ. ಸಾಕ್ಷ್ಯಚಿತ್ರಗಳತ್ತಲೂ ತಂಡ ಹೊರಳಿತು. ಶಾಶ್ವತಿ ತಾಲೂಕ್‌ದಾರ್ ಮತ್ತು ಕೆರಿಮ್ ಫ್ರೀಡ್‌ಮನ್ ಈ ತಂಡವನ್ನೇ ಕುರಿತು 2011ರಲ್ಲಿ ‘ಪ್ಲೀಸ್ ಡೋಂಟ್ ಬೀಟ್ ಮಿ, ಸರ್!’ ತೆಗೆದರು. ಬಜರಂಗೆ ‘ಬರ್ತ್ 1871’ ಎಂಬ ಸಾಕ್ಷ್ಯಚಿತ್ರವನ್ನೂ 2017ರಲ್ಲಿ ‘ಸಮೀರ್’ ಎಂಬ ಹಿಂದಿ ಚಿತ್ರವನ್ನೂ ನಿರ್ದೇಶಿಸಿದರು. ಮುಚ್ಚಿಟ್ಟುಕೊಳ್ಳುವ ಜಾತಿಯ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡು ದಕ್ಷಿಣ್ ಛಾರಾ ಎಂದು ಬರೆದುಕೊಂಡದ್ದೂ ಅದೇ ಛಲದಿಂದ.

ಕಳ್ಳತನಕ್ಕೂ ನಟನೆ ಬೇಕು, ಹಾಗಾಗಿ ಛಾರಾಗಳು ಹುಟ್ಟು ನಟರು ಎಂಬ ಮಾತನ್ನು ತಂಡದವರೇ ತಮಾಷೆಗೆ ಹೇಳುವುದುಂಟು. ಪತ್ರಿಕೆಗಳಿಗೆ ಇದು ಬಹಳ ಇಷ್ಟ. ಆದರೆ ಹೊರಗಿನವರ ಬಾಯಲ್ಲಿ ಅದು ಹಳೆಯ ಹಣೆಪಟ್ಟಿಗೆ ಹೊಸ ಬಣ್ಣ ಬಳಿದಂತೆಯೇ. ಕಳ್ಳತನವೂ ಕಳ್ಳಭಟ್ಟಿಯೂ ಈ ಕೇರಿಯಲ್ಲಿ ಇದ್ದದ್ದು ನಿಜ. ಪಾನನಿಷೇಧದ ಗುಜರಾತಿನಲ್ಲಿ ಭಟ್ಟಿಗೆ ಗಿರಾಕಿಗಳಾದವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ನಿಜ. ವಿಳಾಸ ನೋಡಿ ಕೆಲಸ ಕೊಡದಿರುವ ಊರಿನಲ್ಲಿ, ಯಾರ ಕೈಕೆಳಗೂ ದುಡಿಯಬೇಕಿಲ್ಲದ ವಕೀಲಿಯನ್ನು ಓದಿದ ಹುಡುಗರು ಹೆಚ್ಚಾಗಿ ಹಿಡಿದರು. ಕೆಲವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು, ಕೆಲವರು ಪತ್ರಕರ್ತರಾದರು. ನಾಟಕ ಇವರ ಹೊಟ್ಟೆ ತುಂಬಿಸಲಿಲ್ಲ. ಕೇರಿಯ ಮಾತನ್ನು ಕೇರಿಯವರೇ ಹೊರಗೆ ಆಡುವ ಧೈರ್ಯವನ್ನಂತೂ ಕೊಟ್ಟಿತು.

ನಾಟಕದಿಂದ ಪೊಲೀಸರು ಬದಲಾದರೇ? 2018ರ ಜುಲೈ ಕೊನೆಯ ವಾರದ ಒಂದು ರಾತ್ರಿ ಛಾರಾನಗರದ ಮೇಲೆ ದಾಳಿ ನಡೆದು, ಹಲವರಿಗೆ ಏಟು ಬಿದ್ದು, ವಾಹನಗಳು ಜಖಂಗೊಂಡವು. ಏಟು ತಿಂದವರಲ್ಲಿ ತಂಡದ ಕಲಾವಿದರೂ ಇದ್ದರು. ಸಮುದಾಯ ಮೌನ ಮೆರವಣಿಗೆ ಮಾಡಿ ಪ್ರತಿಭಟಿಸಿತು.

ವಿಮುಕ್ತರ ಸ್ಥಿತಿಗತಿ ಕುರಿತು ರೇಣಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು, ಆಮೇಲೆ ಇದಾತೆ ಆಯೋಗವೂ ಕೊಟ್ಟಿತು. ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ರದ್ದು ಮಾಡಿ ಎಂದು ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿರ್ಮೂಲನ ಸಮಿತಿ 2007ರಲ್ಲೇ ಭಾರತಕ್ಕೆ ಹೇಳಿತ್ತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳ ಜಾತಿಭೇದದ ಪ್ರಕರಣದಲ್ಲಿ ತೀರ್ಪು ಕೊಡುತ್ತ, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಎಂದು ಪೊಲೀಸರಿಗೆ ನಿರ್ದೇಶನ ನೀಡಿತು.