ಸಮಪಾಲಿನ ಲೆಕ್ಕ

ಹುಣಸೆ ಬೀಜವನ್ನೋ ಹೊಂಗೆ ಕಾಯಿಯನ್ನೋ ಸಮನಾಗಿ ಹಂಚಿಸುತ್ತ ಮಕ್ಕಳಿಗೆ ಭಾಗಾಕಾರ ಕಲಿಸುವುದು ಇತ್ತೀಚಿನ ಚಟುವಟಿಕೆ ಶಿಕ್ಷಣದ ಕೊಡುಗೆ, ಹಿಂದಿನವರದು ಬರೀ ಬಾಯಿಪಾಠ ಎಂಬ ಮಾತು ಚಾಲ್ತಿಯಲ್ಲಿದೆ. ಬಾಯಿಪಾಠ ಇದ್ದದ್ದು ನಿಜ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ 533 ಶಾಲೆಗಳ ಬಗ್ಗೆ ವರದಿ ಬರೆದಾಗ, ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಬರೆಯುವುದನ್ನೂ ಕೋಷ್ಟಕಗಳನ್ನು ಉರುಹೊಡೆಯುವುದನ್ನೂ ದಾಖಲಿಸಿದ. ಆದರೆ ಕಲಿಸುವ ರೀತಿ ಬೇರೆ, ಕಲಿತ ಗಣಿತದ ಒಳಹೂರಣ ಬೇರೆ. ಆ ಗಣಿತದ ತಾಯಿಬೇರು ಹಂಚಿಕೆಯೇ ಆಗಿತ್ತು. ಅದಕ್ಕೆ ಸಾಕ್ಷಿ ಕನ್ನಡನಾಡಿನಲ್ಲೇ ಇದೆ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ಸುಮಾರು 850ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’. ಅದರಲ್ಲೊಂದು ಬಾಳೆಹಣ್ಣಿನ ಲೆಕ್ಕವಿದೆ: ಒಂದೇ ಅಳತೆಯ 63 ರಾಶಿ, ಜೊತೆಗೆ ಬಿಡಿಯಾಗಿ 7 ಹಣ್ಣು. ಇವನ್ನು 23 ದಾರಿಹೋಕರು ಏನೂ ಉಳಿಯದಂತೆ ಸಮನಾಗಿ ಹಂಚಿಕೊಂಡರೆ ರಾಶಿಗೆ ಎಷ್ಟು ಹಣ್ಣು? ರಾಶಿಗೆ ಐದರಂತೆ ಹಿಡಿದರೆ ಒಟ್ಟು 322, ತಲೆಗೆ 14. ಹೀಗೆ ಶೇಷ ಉಳಿಯದ ಸಂಖ್ಯೆಯನ್ನು ಹುಡುಕುವ ಕುಟ್ಟಕದಂಥ ಕಠಿಣ ವಿಧಾನಕ್ಕೂ ಅವನು ಆರಿಸಿಕೊಂಡದ್ದು ಸಮಪಾಲಿನ ಚಿತ್ರವನ್ನೇ. ಇಲ್ಲೊಂದು ಆಕ್ಷೇಪ ಏಳಬಹುದು. ಬದುಕಿನಲ್ಲಿ ಸಮಪಾಲು ಎಲ್ಲಿದೆ? ಕಣದಲ್ಲಿ ರೈತನಿಗೊಂದು ಪಾಲು, ಆಯಗಾರರಿಗೆ ಇನ್ನೊಂದು. ವ್ಯಾಪಾರದಲ್ಲಿ ಹೂಡಿದ ದುಡ್ಡಿಗೆ ತಕ್ಕ ಲಾಭ. ಮಗುವಿಗೆ ಸಮಪಾಲನ್ನೇ ತೋರಿಸುತ್ತಿದ್ದರೆ ಲೋಕದ ಲೆಕ್ಕ ತಪ್ಪಿಸಿದಂತಲ್ಲವೇ? ಉತ್ತರ ಅದೇ ಗ್ರಂಥದ, ಪ್ರಮಾಣಕ್ಕೆ ತಕ್ಕಂತೆ ಹಂಚುವುದನ್ನು ಹೇಳುವ ಪ್ರಕ್ಷೇಪಕ ಪ್ರಕರಣದಲ್ಲಿದೆ. 120 ಹೊನ್ನನ್ನು ನಾಲ್ವರು ಸೇವಕರಿಗೆ ಅರೆ, ಮೂರನೆಯ ಒಂದು, ಕಾಲು, ಆರನೆಯ ಒಂದು ಎಂಬ ಪ್ರಮಾಣದಲ್ಲಿ ಹಂಚಬೇಕು. ಈ ಭಾಗಗಳನ್ನು ಕೂಡಿದರೆ ಒಂದನ್ನು ಮೀರುತ್ತದೆ, ಹಾಗಾಗಿ ಹೇಳಿದಷ್ಟನ್ನೇ ಕೊಡಲು ಹೊನ್ನು ಸಾಲದು. ಮಹಾವೀರನ ಸೂತ್ರದಂತೆ ಛೇದ ಒಂದಾಗಿಸಿದರೆ ಸಿಗುವುದು 6, 4, 3, 2, ಮೊತ್ತ 15. ಹೊನ್ನನ್ನು 15 ಸಮಪಾಲು ಮಾಡಿದರೆ ಪಾಲಿಗೆ 8. ಸೇವಕರಿಗೆ ಕ್ರಮವಾಗಿ 48, 32, 24, 16. ಅಂದರೆ ಏರುಪೇರಿನ ಹಂಚಿಕೆಗೂ ಮೊದಲು ಸಮಪಾಲು ಬೀಳಲೇಬೇಕು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇಪ್ಪತ್ತು ಸೇರು ರಾಗಿಯನ್ನು ನಾಲ್ಕು ಸೇರಿನ ಚೀಲಕ್ಕೆ ತುಂಬಿದರೆ ಎಷ್ಟು ಚೀಲ ಎಂಬುದೂ ಭಾಗಾಕಾರವೇ, ಆದರೆ ಅಲ್ಲಿ ಯಾರಿಗೂ ಪಾಲಿಲ್ಲ. ಹಂಚಿಕೆಯಷ್ಟೇ ಕಲಿತ ಮಗು ಇಲ್ಲಿ ತಬ್ಬಿಬ್ಬಾಗುತ್ತದೆ ಎನ್ನುತ್ತಾರೆ. ಹಂಚುವ ಕೈಯನ್ನು ಗಮನಿಸಬೇಕು. ನಾಲ್ವರಿಗೆ ಒಂದೊಂದು ಬೀಜ ಕೊಟ್ಟ ಪ್ರತಿ ಸುತ್ತಿನಲ್ಲೂ ರಾಶಿಯಿಂದ ನಾಲ್ಕು ಹೋಗುತ್ತವೆ. ಎಷ್ಟು ಸುತ್ತು ಎಂದು ಕೇಳಿದರೆ ಅದೇ ಚೀಲದ ಲೆಕ್ಕ. ಈ ಪ್ರಶ್ನೆಯನ್ನು ಮೇಷ್ಟ್ರು ಕೇಳದೆ ಬಿಟ್ಟರೆ ತಪ್ಪು ಬೀಜದ್ದಲ್ಲ.

ಶೇಷದ ವಿಷಯದಲ್ಲಿ ಹಳೆಯ ನಾಣ್ಯಗಳೇ ಒಳ್ಳೆಯ ಉಪಾಧ್ಯಾಯರಾಗಿದ್ದವು. ಹದಿನಾರು ಆಣೆಯ ರೂಪಾಯಿಯನ್ನು ಮೂವರಿಗೆ ಹಂಚಿದರೆ ಐದೈದು ಆಣೆ, ಒಂದು ಉಳಿಯುತ್ತದೆ. ಅದನ್ನು ಹನ್ನೆರಡು ಪೈ ಮಾಡಿ ಮುರಿದರೆ ನಾಲ್ಕು ನಾಲ್ಕು ಪೈ, ಲೆಕ್ಕ ಚುಕ್ತಾ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬಂದ ಮೇಲೆ ತಲೆಗೆ 33 ಪೈಸೆ ಕೊಟ್ಟರೂ ಒಂದು ಪೈಸೆ ಯಾರಿಗೂ ಸಲ್ಲದೆ ಉಳಿಯಿತು. ಕಾಗದದ ಮೇಲೆ ಹೊಸ ಪದ್ಧತಿಯೇ ಸಲೀಸು, ಅದರ ಬಗ್ಗೆ ತಕರಾರಿಲ್ಲ. ಆದರೆ ಉಳಿದದ್ದನ್ನು ಚಿಲ್ಲರೆ ಮಾಡಿ ಮತ್ತೆ ಹಂಚುವ ಅಭ್ಯಾಸ ಸಂತೆಯಲ್ಲಿ ತಾನಾಗಿ ಸಿಗುತ್ತಿದ್ದುದು ತಪ್ಪಿತು. 432ನ್ನು 3ರಿಂದ ಭಾಗಿಸುವಾಗ ಉಳಿದ ಒಂದು ನೂರನ್ನು ಹತ್ತು ಹತ್ತುಗಳಾಗಿ ಬಿಚ್ಚಿ, ಮುಂದಿನ ಅಂಕಿಯನ್ನು ಕೆಳಗಿಳಿಸಿ 13 ಎನ್ನುವುದೂ ಆಣೆಯನ್ನು ಪೈ ಮಾಡಿದಂಥದೇ ಕೆಲಸ. ಆ ನೂರರ ಕಟ್ಟನ್ನು ಬಿಚ್ಚಿ ತೋರಿಸುವ ಹೊಣೆ ಈಗ ಪೂರ್ತಿ ತರಗತಿಯ ಮೇಲೆ ಬಿದ್ದಿದೆ.