ಬ್ಲಡಿ ಬ್ಯಾರನ್ ಪ್ರಸಂಗ

ಬ್ಲಡಿ ಬ್ಯಾರನ್ ಪ್ರಸಂಗವು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರ ಮೇ 19ರಂದು ಬಿಡುಗಡೆ ಮಾಡಿದ ‘ದಿ ವಿಚರ್ 3: ವೈಲ್ಡ್ ಹಂಟ್’ ಎಂಬ ವಿಡಿಯೊ ಗೇಮಿನ ಮೊದಲ ಭಾಗದಲ್ಲಿ ಬರುವ, ಒಂದಕ್ಕೊಂದು ಹೆಣೆದುಕೊಂಡ ಕೆಲವು ಕ್ವೆಸ್ಟ್‌ಗಳ ಸರಣಿ. ಆಡುವವರು ಒಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರದ ಮಾತು ನಡೆಗಳನ್ನು ತಾವೇ ಆರಿಸುತ್ತ ಕಥೆಯನ್ನು ಮುಂದಕ್ಕೊಯ್ಯುವ ಆಟಗಳಿಗೆ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು; ಇಂಥ ಆಟದಲ್ಲಿ ಒಂದು ಗುರಿಯನ್ನು ಮುಂದಿಟ್ಟು ಪಾತ್ರಕ್ಕೆ ಒಪ್ಪಿಸುವ ಕೆಲಸವನ್ನು ಕ್ವೆಸ್ಟ್ ಎನ್ನುತ್ತಾರೆ. 2015ರ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಇದಕ್ಕಿಂತ ಉದ್ದವಾದ, ಇದಕ್ಕಿಂತ ಅದ್ಧೂರಿಯಾದ ಭಾಗಗಳು ಹಲವಿದ್ದರೂ, ಆಯ್ಕೆಗೂ ಅದರ ಪರಿಣಾಮಕ್ಕೂ ಇರುವ ನಂಟನ್ನು ಚರ್ಚಿಸುವವರು ಮತ್ತೆ ಮತ್ತೆ ಈ ಪ್ರಸಂಗವನ್ನೇ ಎತ್ತಿಕೊಳ್ಳುತ್ತ ಬಂದಿದ್ದಾರೆ.

ಆಯ್ಕೆಗೆ ತಕ್ಕ ಫಲ ಎಂಬ ಕಲ್ಪನೆ ಈ ಪ್ರಕಾರದ ಆಟಗಳಿಗೆ ಹುಟ್ಟಿನಿಂದಲೇ ಬಂದದ್ದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟದಲ್ಲಿ, ಜೊತೆಗೆ ಕುಳಿತ ನಿರ್ವಾಹಕನು ಆಟಗಾರರ ಎಂಥ ವಿಚಿತ್ರ ನಿರ್ಧಾರಕ್ಕೂ ಅಲ್ಲಿಯೇ ಒಂದು ಮುಂದುವರಿಕೆಯನ್ನು ಕಟ್ಟಿ ಹೇಳಬಲ್ಲವನಾಗಿದ್ದ. ಕಂಪ್ಯೂಟರಿಗೆ ಆ ಸಮಯಸ್ಫೂರ್ತಿ ಇಲ್ಲದ ಕಾರಣ, ಅದು ಕೊಡಬೇಕಾದ ಪ್ರತಿಯೊಂದು ಉತ್ತರವನ್ನೂ ಯಾರಾದರೂ ಮೊದಲೇ ಬರೆದಿಡಬೇಕಾಯಿತು. 1985ರ ‘ಅಲ್ಟಿಮಾ 4’ ಆಡುವವರ ನಡತೆಯನ್ನು ಎಂಟು ಸದ್ಗುಣಗಳ ಲೆಕ್ಕದಲ್ಲಿ ಅಳೆಯಿತು. 2007ರ ‘ಮಾಸ್ ಎಫೆಕ್ಟ್’ ಉದಾತ್ತ ನಡೆಗೊಂದು, ನಿಷ್ಠುರ ನಡೆಗೊಂದು ಎಂದು ಎರಡು ಮಾಪಕಗಳನ್ನು ಇಟ್ಟಿತು. ಮಾಪಕವೊಂದು ಕಣ್ಣೆದುರಿಗಿದ್ದಾಗ ಆಡುವವರು ನಿರ್ಧಾರವನ್ನು ತೂಗಿ ನೋಡುವುದಕ್ಕಿಂತ ಅಂಕ ಕೂಡಿಸುವುದರಲ್ಲಿ ತೊಡಗುವುದೇ ಹೆಚ್ಚು. ವಿಚರ್ ಸರಣಿಯಲ್ಲಿ ಇಂಥ ಮಾಪಕವಿಲ್ಲ. 2007ರ ಮೊದಲ ವಿಚರ್ ಆಟವೇ ಫಲವನ್ನು ಉದ್ದೇಶಪೂರ್ವಕವಾಗಿ ತಡಮಾಡುವ ಉಪಾಯವನ್ನು ಹಿಡಿದಿತ್ತು: ಒಂದು ಅಧ್ಯಾಯದಲ್ಲಿ ಮಾಡಿದ ಸಣ್ಣ ನಿರ್ಧಾರದ ಫಲ ಗಂಟೆಗಟ್ಟಲೆ ಆಡಿದ ಮೇಲೆ ಮುಂದಿನ ಅಧ್ಯಾಯದಲ್ಲಿ ಎದುರಾಗುತ್ತಿದ್ದುದರಿಂದ, ಆಟವನ್ನು ಹಿಂದಿನ ಹಂತಕ್ಕೆ ಕೊಂಡೊಯ್ದು ನಿರ್ಧಾರವನ್ನು ಬದಲಿಸುವ ಚಾಳಿಗೆ ಅಲ್ಲಿ ಹೆಚ್ಚು ಅವಕಾಶವಿರಲಿಲ್ಲ.

ಆಟದ ಮೂಲ ಪೋಲಿಷ್ ಲೇಖಕ ಆಂಜೆಯ್ ಸಾಪ್ಕೋವ್ಸ್ಕಿಯ ಕಥೆಗಳಲ್ಲಿದೆ. ಕಥಾನಾಯಕ ಗೆರಾಲ್ಟ್ ಹಣ ಪಡೆದು ಪಿಶಾಚಿ, ವಿಕಾರಜೀವಿಗಳನ್ನು ಬೇಟೆಯಾಡುವ ವೃತ್ತಿಯವನು. ಎರಡು ಕೆಡುಕುಗಳಲ್ಲಿ ಚಿಕ್ಕದನ್ನು ಆರಿಸಿಕೊಳ್ಳಬೇಕೆಂಬ ವಾದವನ್ನು ಒಪ್ಪಲಾರದೆಯೂ ಕೊನೆಗೆ ಆರಿಸಿ, ಅದಕ್ಕಾಗಿ ಕೊಲೆಗಡುಕನೆಂಬ ಹೆಸರು ಹೊರುವ ಅವನ ಕಥೆ ಸಾಪ್ಕೋವ್ಸ್ಕಿಯ ಮೊದಮೊದಲ ಸಂಕಲನಗಳಲ್ಲಿಯೇ ಇದೆ. ಮೂರನೆಯ ಆಟದಲ್ಲಿ ಅವನು ಸಾಕುಮಗಳಂತಿರುವ ಸಿರಿ ಎಂಬ ಯುವತಿಯನ್ನು ಹುಡುಕುತ್ತ, ಎರಡು ಸೇನೆಗಳ ನಡುವೆ ಸಿಕ್ಕಿ ಹಾಳಾದ ವೆಲೆನ್ ಎಂಬ ಜೌಗು ಸೀಮೆಗೆ ಬರುತ್ತಾನೆ. ಮರದ ಕೊಂಬೆಗಳಲ್ಲಿ ನೇತಾಡುವ ಹೆಣಗಳು, ಕೂಳಿಲ್ಲದ ಹಳ್ಳಿಗಳು, ಊರು ಬಿಟ್ಟವರ ಸಾಲು, ಇವು ಆ ಸೀಮೆಯ ನಿತ್ಯದ ನೋಟ. ಕ್ರೋಸ್ ಪರ್ಚ್ ಎಂಬ ಕೋಟೆಯನ್ನು ಹಿಡಿದು ಕುಳಿತಿರುವ ಫಿಲಿಪ್ ಸ್ಟ್ರೆಂಗರ್ ತಾನೇ ತನಗೆ ಬ್ಯಾರನ್ ಪದವಿ ಕೊಟ್ಟುಕೊಂಡ ಮಾಜಿ ಸೈನಿಕ, ವಿಪರೀತ ಕುಡುಕ. ಸಿರಿಯ ಸುದ್ದಿ ಅವನಲ್ಲಿದೆ. ಕಾಣೆಯಾದ ಹೆಂಡತಿ ಆ್ಯನಾ, ಮಗಳು ತಮಾರಾ ಇಬ್ಬರನ್ನು ಹುಡುಕಿಕೊಡಬೇಕೆಂಬ ಷರತ್ತಿನ ಮೇಲೆ ಅವನು ಆ ಸುದ್ದಿಯನ್ನು ಕಂತುಗಳಲ್ಲಿ ಬಿಟ್ಟುಕೊಡುತ್ತಾನೆ.

ಹುಡುಕಾಟ ಮುಂದುವರಿದಂತೆ ಬ್ಯಾರನ್ ಮುಚ್ಚಿಟ್ಟಿದ್ದು ಒಂದೊಂದಾಗಿ ಹೊರಬೀಳುತ್ತದೆ: ಹೆಂಗಸರು ಕಾಣೆಯಾದದ್ದಲ್ಲ, ಅವನ ಹೊಡೆತ ತಾಳಲಾರದೆ ಓಡಿಹೋದದ್ದು, ಓಡಿದ ರಾತ್ರಿ ಆ್ಯನಾಳಿಗೆ ಗರ್ಭಪಾತವಾಗಿ, ಸಂಸ್ಕಾರವಿಲ್ಲದೆ ಹೂತ ಆ ಭ್ರೂಣ ಪಿಶಾಚಿಯಾಗಿದೆ. ಹೆಸರಿಡದೆ ಮಣ್ಣುಮಾಡಿದ ಶಿಶು ಕೆಡುಕಾಗಿ ಹಿಂತಿರುಗುತ್ತದೆಂಬ ಸ್ಲಾವಿಕ್ ಜನಪದ ನಂಬಿಕೆಯನ್ನು ಬಳಸಿಕೊಂಡಿರುವ ಈ ಘಟ್ಟದಲ್ಲಿ ಮೊದಲ ದೊಡ್ಡ ಆಯ್ಕೆ ಬರುತ್ತದೆ. ಪಿಶಾಚಿಯನ್ನು ಹೋರಾಡಿ ಕೊಲ್ಲಬಹುದು, ಇಲ್ಲವೆ ಅದಕ್ಕೆ ಹೆಸರಿಟ್ಟು ಹೊಸ್ತಿಲಡಿ ಹೂತು ಮನೆ ಕಾಯುವ ದೇವತೆಯಾಗಿ ಮಾರ್ಪಡಿಸಬಹುದು. ಎರಡನೆಯ ದಾರಿ ಹಿಡಿದರೆ ಬ್ಯಾರನ್ ಆ ವಿಕಾರ ಶಿಶುವನ್ನು ತೋಳಿನಲ್ಲಿ ಎತ್ತಿಕೊಂಡು ಕತ್ತಲಲ್ಲಿ ಕೋಟೆಯ ಕಡೆಗೆ ನಡೆಯುತ್ತಾನೆ. ಅದು ಚಡಪಡಿಸಿದಾಗಲೆಲ್ಲ ಗೆರಾಲ್ಟ್ ಮಂತ್ರಮುದ್ರೆಯಿಂದ ಅದನ್ನು ತಣಿಸಬೇಕು, ಹೊಸ್ತಿಲ ಬಳಿ ತಂದೆ ತನ್ನ ಬಾಯಿಂದಲೇ ಅದನ್ನು ಮಗಳೆಂದು ಒಪ್ಪಿ ಹೆಸರಿಡಬೇಕು. ಸೋಜಿಗವೆಂದರೆ, ಇಷ್ಟು ಮನಕಲಕುವ ಈ ಆಯ್ಕೆಯಿಂದ ಕಥೆಯ ದಿಕ್ಕು ಹೆಚ್ಚೇನೂ ಬದಲಾಗುವುದಿಲ್ಲ. ಯಾವ ದಾರಿ ಹಿಡಿದರೂ ಹೆಂಗಸರ ಜಾಡು ಸಿಗುತ್ತದೆ.

ನಿಜವಾದ ಕವಲು ಇರುವುದು ಬೇರೆ ಕಡೆ, ಬ್ಯಾರನ್‌ನ ಸಂಸಾರಕ್ಕೆ ಸಂಬಂಧವೇ ಇಲ್ಲವೆನ್ನಿಸುವ ಒಂದು ಜಾಗದಲ್ಲಿ. ಕ್ರೂಕ್‌ಬ್ಯಾಕ್ ಎಂಬ ಜೌಗಿನಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿರುವ ಮುದುಕಿಯೊಬ್ಬಳ ಬಾಯಿಯ ಮೂಲಕ, ಕೂದಲಿನಿಂದ ನೇಯ್ದ ಚಿತ್ರಪಟವೊಂದರೊಳಗಿಂದ ಮೂವರು ಮಾಟಗಾತಿಯರು ಗೆರಾಲ್ಟ್‌ನೊಡನೆ ಮಾತಾಡುತ್ತಾರೆ. ಹತ್ತಿರದ ಗುಡ್ಡದ ಮರದ ಬೇರಿನಲ್ಲಿ ಬಂಧಿಯಾಗಿರುವ ದುಷ್ಟಶಕ್ತಿಯನ್ನು ನಾಶಮಾಡಿದರೆ ಸಿರಿಯ ಸುದ್ದಿ ಹೇಳುವುದಾಗಿ ಮಾತು ಕೊಡುತ್ತಾರೆ. ಗುಡ್ಡದ ಒಡಲಿಗೆ ಇಳಿದರೆ ಆ ಶಕ್ತಿ ಹೇಳುವುದೇ ಬೇರೆ: ಮಾಟಗಾತಿಯರು ಆ ಮಕ್ಕಳನ್ನು ತಿನ್ನಲಿದ್ದಾರೆ, ತನ್ನನ್ನು ಬಿಡಿಸಿದರೆ ಮಕ್ಕಳನ್ನು ಉಳಿಸುತ್ತೇನೆ. ಎರಡು ಕಡೆಯೂ ನಂಬಲರ್ಹವಲ್ಲ. ಅತ್ತ ದರಿ ಇತ್ತ ಪುಲಿ ಎಂಬ ಈ ಸ್ಥಿತಿಯಲ್ಲಿ ಆಡುವವರು ಮರದ ಹೃದಯವನ್ನು ಕಡಿದು ಹಾಕಬೇಕು, ಇಲ್ಲವೆ ಕಾಗೆಯ ಗರಿ, ಆ ಶಕ್ತಿಯದ್ದೇ ಮೂಳೆ, ಪಳಗದ ಕಪ್ಪು ಕುದುರೆ ಇವನ್ನು ತಂದು ಅದನ್ನು ಬಿಡಿಸಬೇಕು.

ಬಿಡಿಸಿದರೆ ಆ ಶಕ್ತಿ ಕುದುರೆಯೊಳಗೆ ಹೊಕ್ಕು ಓಡಿಹೋಗಿ, ಕೊಟ್ಟ ಮಾತಿನಂತೆ ಮಕ್ಕಳನ್ನು ಉಳಿಸುತ್ತದೆ. ಆದರೆ ಪಕ್ಕದ ಡೌನ್‌ವಾರೆನ್ ಹಳ್ಳಿ ಅದರ ಕೋಪಕ್ಕೆ ತುತ್ತಾಗುತ್ತದೆ. ಮಕ್ಕಳು ಕೈತಪ್ಪಿದ ತಪ್ಪನ್ನು ಮಾಟಗಾತಿಯರು ಮುದುಕಿಯ ಮೇಲೆ ಹೊರಿಸುತ್ತಾರೆ, ಮತ್ತು ಆ ಮುದುಕಿಯೇ ಆ್ಯನಾ. ಶಪಿತಳಾಗಿ ಜಲಪಿಶಾಚಿಯಾಗುವ ಅವಳನ್ನು ಮನುಷ್ಯಳನ್ನಾಗಿಸಲು ಗುಡಿಸಲಿನಲ್ಲಿರುವ ಗೊಂಬೆಗಳಲ್ಲಿ ನೇರಳೆ ಹೂವಿರುವುದನ್ನು ಗುರುತಿಸಬೇಕು. ಸರಿಯಾಗಿ ಗುರುತಿಸಿದರೂ ಅವಳು ಗಂಡ, ಮಗಳೊಡನೆ ಒಂದೆರಡು ಮಾತಾಡುವಷ್ಟು ಹೊತ್ತು ಮಾತ್ರ ಬದುಕುತ್ತಾಳೆ, ಬ್ಯಾರನ್ ಕೋಟೆಗೆ ಮರಳಿ ನೇಣು ಹಾಕಿಕೊಳ್ಳುತ್ತಾನೆ. ಶಕ್ತಿಯನ್ನು ಕೊಂದರೆ ಹಳ್ಳಿ ಉಳಿಯುತ್ತದೆ, ಮಕ್ಕಳು ಇಲ್ಲವಾಗುತ್ತಾರೆ. ಆ್ಯನಾ ಜೀವಂತವಾಗಿದ್ದರೂ ಬುದ್ಧಿಭ್ರಮಣೆಗೊಂಡಿರುತ್ತಾಳೆ, ಬ್ಯಾರನ್ ಅವಳನ್ನು ದೂರದ ನೀಲಿ ಬೆಟ್ಟಗಳ ವೈದ್ಯನೊಬ್ಬನ ಬಳಿಗೆ ಕರೆದೊಯ್ಯುತ್ತಾನೆ.

ಈ ಪ್ರಸಂಗದ ಬಲವನ್ನು ಎರಡೂ ದಾರಿಗಳು ದುಃಖದಲ್ಲಿ ಮುಗಿಯುತ್ತವೆ ಎಂಬಷ್ಟಕ್ಕೆ ಸೀಮಿತಗೊಳಿಸುವುದು ಸರಿಯಾಗದು, ಏಕೆಂದರೆ ದುಃಖಾಂತ್ಯ ಬರೆಯುವುದು ಕಷ್ಟದ ಕೆಲಸವೇನಲ್ಲ. ಇಲ್ಲಿ ನಿರ್ಧಾರ ಮಾಡುವ ಗಳಿಗೆಯಲ್ಲಿ ಕೈಯಲ್ಲಿರುವ ತಿಳಿವಳಿಕೆಗೂ, ಆ ನಿರ್ಧಾರ ತಟ್ಟುವ ಜನರಿಗೂ ನಡುವೆ ದೊಡ್ಡ ಅಂತರವಿದೆ: ಗುಡ್ಡದೊಳಗೆ ನಿಂತವರು ಮಕ್ಕಳನ್ನೋ ಹಳ್ಳಿಯನ್ನೋ ಕುರಿತು ಯೋಚಿಸುತ್ತಿರುತ್ತಾರೆಯೇ ಹೊರತು ಆ್ಯನಾಳನ್ನಾಗಲಿ ಬ್ಯಾರನ್‌ನನ್ನಾಗಲಿ ಅಲ್ಲ. ಆದರೂ ಫಲವನ್ನು ಅನ್ಯಾಯವೆನ್ನಲು ಬರುವುದಿಲ್ಲ, ಏಕೆಂದರೆ ಕಾರಣದಿಂದ ಕಾರ್ಯಕ್ಕೆ ಹೋಗುವ ಪ್ರತಿ ಮೆಟ್ಟಿಲೂ ಹಿಂತಿರುಗಿ ನೋಡಿದಾಗ ಸ್ಪಷ್ಟವಾಗಿ ಕಾಣುತ್ತದೆ. ಆಕಸ್ಮಿಕವಾಗಿ ಎರಗುವ ಫಲಕ್ಕೂ, ಮೊದಲೇ ಊಹಿಸಲಾಗದಿದ್ದರೂ ನಂತರ ಅರ್ಥವಾಗುವ ಫಲಕ್ಕೂ ಇರುವ ಈ ವ್ಯತ್ಯಾಸವನ್ನು ಅನೇಕ ಆಟಗಳು ಗಮನಿಸುವುದೇ ಇಲ್ಲ.

ತಾಂತ್ರಿಕವಾಗಿ ನೋಡಿದರೆ ಇದೆಲ್ಲದರ ಹಿಂದಿರುವುದು ಸರಳವಾದ ಏರ್ಪಾಡು. ಸಂಸ್ಥೆಯ ರೆಡ್‌ಎಂಜಿನ್ ತಂತ್ರಾಂಶವು ಆಡುವವರು ಮಾಡಿದ್ದನ್ನು ಫ್ಯಾಕ್ಟ್ ಎಂಬ ಹೆಸರಿನ ಸಣ್ಣ ದಾಖಲೆಗಳಾಗಿ, ಒಂದು ಹೆಸರು ಮತ್ತು ಒಂದು ಸಂಖ್ಯೆಯ ರೂಪದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಯಾವುದೇ ದೃಶ್ಯ ತೆರೆಯುವ ಮುನ್ನ ಆ ದಾಖಲೆ ಇದೆಯೇ ಎಂದು ನೋಡಿ ಒಂದು ಕವಲನ್ನು ಹಿಡಿಯುತ್ತದೆ. ಕಷ್ಟವಿರುವುದು ದುಡ್ಡು ಮತ್ತು ದುಡಿಮೆಯಲ್ಲಿ: ಪ್ರತಿ ಕವಲಿಗೂ ಸಂಭಾಷಣೆ, ಧ್ವನಿ, ಚಲನೆ ಬೇರೆಯಾಗಿ ಬೇಕು, ಮತ್ತು ಅದರಲ್ಲಿ ಅರ್ಧವನ್ನು ಒಮ್ಮೆ ಮಾತ್ರ ಆಡುವವರು ನೋಡುವುದೇ ಇಲ್ಲ. 2011ರ ಎರಡನೆಯ ವಿಚರ್ ಆಟ ತನ್ನ ಇಡೀ ನಡುಭಾಗವನ್ನು ಎರಡು ಬೇರೆ ಕಥೆಗಳಾಗಿ ಸೀಳಿ ಆ ವೆಚ್ಚವನ್ನು ಹೊತ್ತಿತ್ತು. ಬ್ಯಾರನ್ ಪ್ರಸಂಗದ ನಿರ್ಮಾಪಕರು ಹೆಚ್ಚು ಮಿತವ್ಯಯಿಗಳು. ಬ್ಯಾರನ್ ಸತ್ತರೂ ಊರು ಬಿಟ್ಟರೂ ಕೋಟೆ ಅವನ ಸಾರ್ಜೆಂಟನ ಕೈಗೆ ಹೋಗಿ ಅವನ ಪಡೆ ಮತ್ತಷ್ಟು ಕ್ರೂರವಾಗುತ್ತದೆ, ಸಿರಿಯ ಸುದ್ದಿ ಯಾವ ದಾರಿಯಲ್ಲೂ ಸಿಗುತ್ತದೆ. ಕವಲೊಡೆಯುವುದು ಮನುಷ್ಯರ ಗತಿ ಮಾತ್ರ, ಮುಖ್ಯ ಕಥೆಯಲ್ಲ. ಈ ಮಿತವ್ಯಯ ಕಣ್ಣಿಗೆ ಬೀಳದಂತೆ ನೋಡಿಕೊಂಡದ್ದು ಇಲ್ಲಿನ ಜಾಣ್ಮೆ.

ಪ್ರಸಂಗದ ಮೇಲೆ ಹೊರಿಸಬಹುದಾದ ಗಂಭೀರ ಆಕ್ಷೇಪ ಆ್ಯನಾಳ ಪಾತ್ರಕ್ಕೆ ಸಂಬಂಧಿಸಿದ್ದು. ಹೆಂಡತಿಯನ್ನು ಹೊಡೆದವನಿಗೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಲು, ಹೆಂಡತಿಗೆ ಪ್ರಿಯಕರನಿದ್ದನೆಂದು ದೂರಲು, ಅಳಲು, ಪಶ್ಚಾತ್ತಾಪಪಡಲು ಧಾರಾಳವಾಗಿ ಸಮಯ ಸಿಗುತ್ತದೆ; ಅವನ ಮಾತಿಗೆ ಕಟುವಾಗಿ ಉತ್ತರಿಸುವ ಅವಕಾಶವನ್ನು ಆಟ ಕೊಡುತ್ತದೆ, ಮಗಳು ತಮಾರಾ ಅವನನ್ನು ಸುಲಭಕ್ಕೆ ಕ್ಷಮಿಸುವುದೂ ಇಲ್ಲ. ಆದರೆ ಬೇಡವಾದ ಬಸಿರನ್ನು ಕಳೆದುಕೊಳ್ಳಲು ಮಾಟಗಾತಿಯರಿಗೆ ತನ್ನನ್ನೇ ಒತ್ತೆಯಿಟ್ಟ ಆ್ಯನಾ ಏನು ಬಯಸಿದ್ದಳೆಂಬುದು ಹೆಚ್ಚಿನಂತೆ ಇತರರ ಬಾಯಿಂದಲೇ ತಿಳಿಯಬೇಕಾಗಿದೆ, ಮತ್ತು ಆಡುವವರ ಮುಂದಿರುವ ಎಲ್ಲ ಆಯ್ಕೆಗಳಲ್ಲೂ ಅವಳು ಗಂಡನಿಲ್ಲದೆ, ಸ್ವಸ್ಥಳಾಗಿ ಬದುಕುವ ಒಂದು ದಾರಿಯನ್ನು ಯಾರೂ ಬರೆದಿಟ್ಟಿಲ್ಲ.